ಬೋರ್ ಸರಿಹೋಯಿತು, ಹಲ್ಲು ಹಾರಿತು

ನಮ್ಮ ಶೆಡ್ಡಿನ ಗೋಡೆಯ ಮೊಳೆಯಲ್ಲಿ ಹದಿನಾಲ್ಕು ಇಂಚಿನ ಹಲ್ಲಿನ ಬ್ಲೇಡೊಂದು ನೇತಾಡುತ್ತಿದೆ. ಅದರ ಬೋರ್, ಅಂದರೆ ನಡುವಿನ ತೂತು, ನನ್ನ ಮಷೀನಿಗೆ ಸರಿಯಾಗಿತ್ತು. ಅದರ ಬಣ್ಣ ಕೂಡ ಇನ್ನೂ ಮಾಸಿಲ್ಲ. ಅದರಲ್ಲಿ ಕೊಯ್ದಿದ್ದು ಎರಡು ಪೂರ್ತಿ ಕಟ್, ಮತ್ತೊಂದು ಅರ್ಧ. ತಂದಾಗ 80 ಹಲ್ಲಿದ್ದವು, ಈಗ 78 ಇವೆ. ಉಳಿದವುಗಳಲ್ಲೂ ಮೂರರ ಮೂಲೆ ಮುರಿದಿದೆ. ಆ ಎರಡು ಹಲ್ಲು ಯಾಕೆ ಹಾರಿದವು, ಅದಕ್ಕೆ ಮುಂಚೆ ಏನಾಗಿತ್ತು, ಆಮೇಲೆ ಕೆಲಸ ಹೇಗೆ ಮುಗಿಯಿತು ಅನ್ನೋದನ್ನು ಬರೆದಿಡುತ್ತಿದ್ದೇನೆ. ಮನೆಯಲ್ಲೇ ಚಾಪ್ ಸಾ, ಅಂದರೆ ಕಬ್ಬಿಣ ಕೊಯ್ಯುವ ಮಷೀನು, ಇಟ್ಟುಕೊಂಡವರು ಈಗ ಜಾಸ್ತಿ. ಈ ತಪ್ಪು ಯಾರು ಬೇಕಾದರೂ ಮಾಡಬಹುದು. ಆದರೆ ನಾನು ಮಾಡಬಾರದಿತ್ತು. ಐಟಿಐನಲ್ಲಿ ಟರ್ನರ್ ಓದಿ, ಪೀಣ್ಯದಲ್ಲಿ ಇಪ್ಪತ್ತೆರಡು ವರ್ಷ ಲೇತ್ ಮುಂದೆ ನಿಂತವನು ನಾನು.

ಕೆಲಸ ಏನಿತ್ತು

ತಿಪಟೂರು ಹತ್ತಿರ ನಮ್ಮದು ತೆಂಗಿನ ತೋಟ. ಈ ಕಡೆ ಕೊಬ್ಬರಿ ಅಂದರೆ ಉಂಡೆ ಕೊಬ್ಬರಿ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತೇವೆ. ಒಳಗಿನ ನೀರು ಆರಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಅಲ್ಲಿಗೆ ಕಾಯಿ ಸುಲಿಯಲು ರೆಡಿ. ನಮ್ಮ ಅಟ್ಟದ ಮರದ ತೊಲೆಗಳಿಗೆ ಗೆದ್ದಲು ಹಿಡಿದಿತ್ತು. ಬೆರಳಲ್ಲಿ ಒತ್ತಿದರೆ ಹಿಟ್ಟು ಉದುರುತ್ತಿತ್ತು. ಮೇಲಿನ ಅಡಿಕೆ ದಬ್ಬೆ ಹಾಗೇ ಇರಲಿ, ಕೆಳಗಿನ ಚೌಕಟ್ಟು ಮಾತ್ರ ಕಬ್ಬಿಣದ್ದು ಮಾಡೋಣ ಅಂತ ನಾನು, ತಮ್ಮ ಕೂತು ಲೆಕ್ಕ ಹಾಕಿದೆವು.

ಕಂಬಕ್ಕೂ ತೊಲೆಗೂ 40ಕ್ಕೆ 40 ಮಿ.ಮೀ. ಸ್ಕ್ವೇರ್ ಪೈಪು, 14 ಗೇಜು, ಅಂದರೆ ಎರಡು ಮಿ.ಮೀ. ದಪ್ಪದ್ದು. ಅಡ್ಡಪಟ್ಟಿಗೆ 35ಕ್ಕೆ 35ರ ಐದು ಮಿ.ಮೀ. ಆಂಗ್ಲರ್, ಅಂದರೆ ಎಲ್ ಆಕಾರದ ಕಬ್ಬಿಣದ ಪಟ್ಟಿ. ಆರು ಮೀಟರಿನ ಪೈಪು ಹನ್ನೊಂದು, ಆಂಗ್ಲರ್ ಆರು. ತೂಕ ಹತ್ತಿರ ಹತ್ತಿರ ಎರಡೂವರೆ ಕ್ವಿಂಟಾಲು. ಒಟ್ಟು ಕಟ್ 76.

ಅಂಗಡಿಯಲ್ಲೇ ಅಳತೆ ಕೊಟ್ಟರೆ ಕೊಯ್ದು ಕೊಡುತ್ತಿದ್ದರು. ನಾನೇ ಬೇಡ ಅಂದೆ. ಹಳೆ ಗೋಡೆ ಯಾವ ಮೂಲೆಯಲ್ಲೂ ಮಟ್ಟ ಇಲ್ಲ, ಒಂದೊಂದು ತುಂಡನ್ನೂ ಇಟ್ಟು ನೋಡಿಯೇ ಕೊಯ್ಯಬೇಕು ಅನ್ನೋದು ನಾನು ಹೇಳಿದ ಕಾರಣ. ಎರಡು ವರ್ಷದ ಹಿಂದೆ ಕೊಂಡ ಮಷೀನು ಶೆಡ್ಡಿನಲ್ಲಿ ಧೂಳು ಹಿಡಿದು ಕೂತಿತ್ತು ಅನ್ನೋದು ಹೇಳದ ಕಾರಣ.

ಮಷೀನು ಅಂದರೆ ಫ್ಯಾಬ್ರಿಕೇಶನ್ ಶಾಪಿನಲ್ಲಿ ಎಲ್ಲರೂ ನೋಡಿರುವ ಅದೇ ಚಾಪ್ ಸಾ. ಅದರ ತಗಡಿನ ಮೇಲೆ 2200 ವ್ಯಾಟ್, 230 ವೋಲ್ಟ್, ನಿಮಿಷಕ್ಕೆ 3800 ಸುತ್ತು ಅಂತ ಬರೆದಿದೆ. ಈ ಕೊನೆಯ ಅಂಕಿಯನ್ನು ಎರಡು ವರ್ಷದಲ್ಲಿ ನಾನು ಎಷ್ಟು ಸಲ ನೋಡಿದ್ದೆನೋ! ಓದಿರಲಿಲ್ಲ.

ಮೊದಲ ದಿನ, ಕಿಡಿ

ಫೆಬ್ರವರಿಯ ಒಂದು ಸಂಜೆ ಕೆಲಸ ಶುರು ಮಾಡಿದೆವು. ಶೆಡ್ಡಿನೊಳಗೇ, ಬಾಗಿಲಿನ ಪಕ್ಕ. ಹಾಕಿದ್ದು ಮಾಮೂಲಿ ಕಟಿಂಗ್ ವೀಲು. ಇದಕ್ಕೆ ಹಲ್ಲಿರುವುದಿಲ್ಲ. ಅಲ್ಯೂಮಿನಿಯಂ ಆಕ್ಸೈಡಿನ ಹರಳುಗಳನ್ನು ರಾಳದಲ್ಲಿ ಕಲಸಿ, ನಡುವೆ ಗಾಜಿನ ನಾರಿನ ಬಲೆ ಕೊಟ್ಟು ಒತ್ತಿರುತ್ತಾರೆ. ಒಂದೊಂದು ಹರಳೂ ಒಂದೊಂದು ಸಣ್ಣ ಉಳಿ. ಅದು ಕಬ್ಬಿಣವನ್ನು ಕೆರೆಯುತ್ತದೆ, ಮೊಂಡಾದ ಮೇಲೆ ಉದುರಿ ಹೋಗುತ್ತದೆ, ಕೆಳಗಿನ ಹೊಸ ಹರಳು ಮೇಲೆ ಬರುತ್ತದೆ. ಸಾಣೆ ಹಿಡಿಯುವ ಗೋಜಿಲ್ಲ. ಆದರೆ ಕೆರೆದು ಬಂದ ಕಬ್ಬಿಣದ ಪುಡಿ ಎಷ್ಟು ಸಣ್ಣದು, ಎಷ್ಟು ಬಿಸಿ ಅಂದರೆ, ಗಾಳಿಗೆ ಬಂದ ಕೂಡಲೇ ತಾನೇ ಉರಿಯುತ್ತದೆ. ನಮಗೆ ಕಾಣುವ ಕಿಡಿ ಬರೀ ಕಾದ ಕಬ್ಬಿಣವಲ್ಲ, ಉರಿಯುತ್ತಿರುವ ಕಬ್ಬಿಣ.

ಒಂಬತ್ತು ಕಟ್ ಮಾಡಿ ಕತ್ತಲಾಯಿತು ಅಂತ ನಿಲ್ಲಿಸಿದೆವು. ಒಂದೊಂದಕ್ಕೆ ಹತ್ತು ಸೆಕೆಂಡು ಕೂಡ ಹಿಡಿಯಲಿಲ್ಲ. ಖುಷಿಯಾಗಿ ಸ್ನಾನ ಮಾಡಿ ಊಟಕ್ಕೆ ಕೂತೆವು.

ಎಂಟೂವರೆಗೆ ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತು, “ಏನೋ ಸೀದ ವಾಸನೆ ಬರ್ತಿದೆ ಕಣ್ರೋ” ಅಂದಳು. ಒಲೆ ನೋಡಿದೆವು, ವೈರು ನೋಡಿದೆವು. ಕೊನೆಗೆ ಟಾರ್ಚ್ ಹಿಡಿದು ಶೆಡ್ಡಿಗೆ ಹೋದರೆ ಹಿಂಬದಿ ಗೋಡೆಯ ಬುಡದಲ್ಲಿ ತೆಂಗಿನ ನಾರಿನ ಪುಡಿ ಒಳಗೊಳಗೇ ಕೆಂಡವಾಗಿತ್ತು. ಎರಡು ಮೊರದಷ್ಟು ಜಾಗ. ಮೇಲೆ ಕಪ್ಪು, ಕಾಲಲ್ಲಿ ಕೆದಕಿದರೆ ಕೆಂಪು. ಚಾಪ್ ಸಾ ಕಿಡಿಯನ್ನು ಹಿಂದಕ್ಕೆ ಎಸೆಯುತ್ತದೆ. ಹಿಂದೆ ಹತ್ತು ಅಡಿ ದೂರದಲ್ಲಿ ಈ ಪುಡಿ. ಅದರಾಚೆ, ತಗಡಿನ ಆ ಕಡೆ, ಆರು ತಿಂಗಳಿನ ಮಟ್ಟೆ ರಾಶಿ.

ಒಂದು ಬಕೆಟ್ ನೀರು ಸುರಿದೆವು, ಹೊಗೆ ನಿಂತಿತು. ಹೋಗಿ ಮಲಗಬಹುದು ಅನ್ನಿಸುವಷ್ಟು ಚೆನ್ನಾಗಿ ನಿಂತಿತು. ಅಮ್ಮ ಬಿಡಲಿಲ್ಲ. ಹಾರೆಯಲ್ಲಿ ಹರಡಿ ನೋಡಿದರೆ ನೀರು ಮೇಲಿನ ಪದರದಲ್ಲೇ ಉಳಿದಿತ್ತು, ತಳದಲ್ಲಿ ಕೆಂಡ ಹಾಗೇ ಇತ್ತು. ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ, ನಿಜ. ಆದರೆ ಒಣಗಿದ್ದಾಗ ಅಷ್ಟು ಬೇಗ ಹೀರುವುದಿಲ್ಲ. ಅಂಗಳಕ್ಕೆ ಎಳೆದು, ತೆಳ್ಳಗೆ ಹರಡಿ, ತುಳಿದು ತುಳಿದು ನೀರು ಹಾಕುವಷ್ಟರಲ್ಲಿ ಹತ್ತೂವರೆ.

ಕಿಡಿ ಬಿದ್ದಿದ್ದು ಐದೂವರೆಗೋ ಆರಕ್ಕೋ. ವಾಸನೆ ಬಂದಿದ್ದು ಎಂಟೂವರೆಗೆ. ಈ ಮಧ್ಯದ ಎರಡೂವರೆ ಮೂರು ಗಂಟೆಯನ್ನು ನೆನಪಿಟ್ಟುಕೊಳ್ಳಿ. ಬಿಸಿ ಕೆಲಸಕ್ಕೆ, ಅಂದರೆ ಕಿಡಿ ಹಾರುವ ಕಟಿಂಗ್, ವೆಲ್ಡಿಂಗಿಗೆ, ಅಮೆರಿಕದಲ್ಲಿ ಎನ್‌ಎಫ್‌ಪಿಎ 51ಬಿ ಅಂತ ಒಂದು ಬೆಂಕಿ ಸುರಕ್ಷತೆಯ ಮಾನದಂಡ ಇದೆ. ಸುತ್ತ 35 ಅಡಿಯಲ್ಲಿ ಹೊತ್ತಿಕೊಳ್ಳುವಂಥದ್ದು ಏನೂ ಇರಬಾರದು, ಕೆಲಸ ನಿಂತ ಮೇಲೂ ಒಬ್ಬರು ಕಾವಲಿರಬೇಕು ಅನ್ನುತ್ತದೆ. ಆ ಕಾವಲು ಮೊದಲು ಅರ್ಧ ಗಂಟೆ ಇತ್ತು, 2019ರ ಆವೃತ್ತಿಯಲ್ಲಿ ಒಂದು ಗಂಟೆ ಮಾಡಿದರು. ತೆಂಗಿನ ನಾರಿನ ಮನೆಗಳಿಗೆ ಅದೂ ಸಾಲದು ಅಂತ ನನ್ನ ಅನುಭವ.

ಹಲ್ಲಿನ ಬ್ಲೇಡ್ ಬಂತು

ಮಾರನೇ ದಿನ ಒಂದೇ ಯೋಚನೆ. ಕಿಡಿ ಇಲ್ಲದೆ ಕೊಯ್ಯುವುದು ಹೇಗೆ? ಕಬ್ಬಿಣ ಕೊಯ್ಯುವ, ಕಾರ್ಬೈಡ್ ಅನ್ನುವ ಗಡಸು ವಸ್ತುವಿನ ಹಲ್ಲಿನ ಬ್ಲೇಡ್ ಬಗ್ಗೆ ಗೊತ್ತಿತ್ತು. ಕೋಲ್ಡ್ ಕಟ್, ಡ್ರೈ ಕಟ್ ಅಂತೆಲ್ಲ ಕರೆಯುತ್ತಾರೆ. ಇದು ಕೆರೆಯುವುದಿಲ್ಲ, ಲೇತಿನ ಟೂಲಿನ ಹಾಗೆ ಚಿಪ್ಸ್, ಅಂದರೆ ಲೋಹದ ಸಿಪ್ಪೆ, ತೆಗೆಯುತ್ತದೆ. ಬಿಸಿಯ ಬಹುಪಾಲು ಆ ಚಿಪ್ಸ್ ಜೊತೆ ಹೋಗುತ್ತದೆ. ಕೊಯ್ದ ತುದಿಯನ್ನು ಆ ಕೂಡಲೇ ಕೈಯಲ್ಲಿ ಮುಟ್ಟಬಹುದು. ಕಿಡಿ ಬಲು ಕಮ್ಮಿ.

ತುಮಕೂರಿನಲ್ಲಿ ಒಂದು ಅಂಗಡಿಗೆ ಹೋದೆ. “ಬೋರ್ ಎಷ್ಟು ಸಾರ್?” ಅಂತ ಕೇಳಿದರು. “25.4 ಮಿ.ಮೀ.” ಅಂದೆ. “ಹಾಗಾದ್ರೆ ಕೂರುತ್ತೆ” ಅಂದರು. ಅವರು ಹೇಳಿದ್ದು ಸುಳ್ಳೇನಲ್ಲ, ಕೂತಿತು. ಕೂರುತ್ತದಾ ಅಂತ ಕೇಳಿದವನು ನಾನು. ಓಡುತ್ತದಾ ಅಂತ ಕೇಳಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹಾಕಿದೆ. ಫ್ಲಾಂಜ್ ಒರೆಸಿ, ಬೋಲ್ಟ್ ಬಿಗಿದು, ಕೈಯಲ್ಲಿ ತಿರುಗಿಸಿ ಗಾರ್ಡಿಗೆ ತಾಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಸ್ವಿಚ್ ಒತ್ತಿದಾಗ ಬಂದ ಸದ್ದು ಬೇರೆ ಇತ್ತು. ಕಟಿಂಗ್ ವೀಲು ಭರ್ರ್ ಅಂತ ಒರಟಾಗಿ ಕೂಗುತ್ತದೆ. ಇದು ಶಿಳ್ಳೆ ಹಾಕಿತು. ಇಪ್ಪತ್ತೆರಡು ವರ್ಷ ಮಷೀನಿನ ಸದ್ದು ಕೇಳಿಯೇ ಟೂಲು ಕೆಟ್ಟಿದೆಯೋ ಇಲ್ಲವೋ ಅಂತ ಹೇಳುತ್ತಿದ್ದ ಕಿವಿಗೆ ಅಲ್ಲೇ ಅನುಮಾನ ಬರಬೇಕಿತ್ತು, ಅಲ್ವಾ? ಹೊಸ ಬ್ಲೇಡು, ಹೊಸ ಸದ್ದು ಅಂದುಕೊಂಡೆ.

ಮೊದಲ ಎರಡು ಕಟ್ ಪೈಪಿನದ್ದು. ಬೆಣ್ಣೆ. ಅಂಚು ಹೊಳೆಯುತ್ತಿತ್ತು. ತಮ್ಮ ಮುಟ್ಟಿ ನೋಡಿ, “ಅಣ್ಣ, ಇದು ಮೊದಲೇ ತರ್ಬೇಕಿತ್ತು” ಅಂದ. ಈ ಎರಡು ಕಟ್ಟೇ ನನ್ನನ್ನು ಪೂರ್ತಿ ಹಾಳು ಮಾಡಿದ್ದು. ಮೊದಲನೆಯದರಲ್ಲೇ ಏನಾದರೂ ಆಗಿದ್ದರೆ ನಿಲ್ಲಿಸುತ್ತಿದ್ದೆನೋ ಏನೋ.

ಮೂರನೆಯದು ಆಂಗ್ಲರ್. ಒಂದು ರೆಕ್ಕೆ ಕೆಳಗೆ ಮಲಗಿಸಿ, ಇನ್ನೊಂದು ನೆಟ್ಟಗೆ ನಿಲ್ಲಿಸಿ ವೈಸಿನಲ್ಲಿ ಹಿಡಿದಿದ್ದೆ. ನಿಂತ ರೆಕ್ಕೆ ಸಲೀಸಾಗಿ ಹೋಯಿತು. ಬ್ಲೇಡ್ ಮಲಗಿದ ರೆಕ್ಕೆಗೆ ತಾಗಿದ ಕ್ಷಣ ಟಕ್ ಅಂತ ಒಂದು ಸದ್ದು, ಅದರ ಬೆನ್ನಿಗೇ ಇನ್ನೊಂದು. ಹಿಡಿ ಕೈಯಲ್ಲಿ ಒದೆಯಿತು. ಬಿಟ್ಟುಬಿಟ್ಟೆ. ಬ್ಲೇಡ್ ನಿಲ್ಲಲು ತೆಗೆದುಕೊಂಡ ಹತ್ತು ಸೆಕೆಂಡು ಬಹಳ ಉದ್ದ ಇತ್ತು.

ಒಂದು ಹಲ್ಲು ಗಾರ್ಡಿನ ಒಳಮೈಗೆ ಹೊಡೆದು ಉದ್ದಿನಕಾಳಿನಷ್ಟು ತಗ್ಗು ಮಾಡಿತ್ತು. ಇನ್ನೊಂದು ಹಿಂದೆ ಗೋಡೆ ಪಕ್ಕ ಇಟ್ಟಿದ್ದ ಖಾಲಿ ಡಿಸ್ಟೆಂಪರ್ ಬಕೆಟ್ಟನ್ನು ತೂರಿತ್ತು. ಹೋದ ಕಡೆ ತೂತು ಇತ್ತು, ಆಚೆ ಇರಲಿಲ್ಲ. ಬಕೆಟ್ ಅಲ್ಲಾಡಿಸಿದರೆ ಒಳಗೆ ಹಲ್ಲು ಲೊಟಲೊಟ. ನನ್ನ ಮುಖಕ್ಕೆ ಶೀಲ್ಡ್ ಇತ್ತು. ತಮ್ಮ ಆಂಗ್ಲರಿನ ಇನ್ನೊಂದು ತುದಿ ಹಿಡಿದು ಪಕ್ಕಕ್ಕೆ ನಿಂತಿದ್ದ, ಲುಂಗಿ, ಹವಾಯಿ ಚಪ್ಪಲಿಯಲ್ಲಿ. ಬ್ಲೇಡಿನ ನೇರಕ್ಕೆ ಯಾರೂ ಇರಲಿಲ್ಲ. ಅದು ಎಚ್ಚರಿಕೆಯಿಂದ ಆಗಿದ್ದಲ್ಲ, ಜಾಗ ಇಕ್ಕಟ್ಟಾಗಿದ್ದರಿಂದ ಆಗಿದ್ದು.

ಬ್ಲೇಡಿನ ಮೇಲೆ ಬರೆದಿದ್ದು

ಬಿಚ್ಚಿ ಬೆಳಕಿಗೆ ಹಿಡಿದೆ. ಬಣ್ಣದ ಮೇಲೆ, ಬೋರಿನ ಪಕ್ಕದಲ್ಲೇ, ನನ್ನ ಹೆಬ್ಬೆರಳಿನ ಕೆಳಗೆ ಬರೆದಿತ್ತು: ಹೆಚ್ಚೆಂದರೆ 1600 ಸುತ್ತು. ನಾನು ಓಡಿಸಿದ್ದು 3800ರಲ್ಲಿ.

ಟರ್ನರ್ ಟ್ರೇಡಿನಲ್ಲಿ ಮೊದಲ ವರ್ಷವೇ ಬಾಯಿಪಾಠ ಮಾಡಿಸುವ ಲೆಕ್ಕ ಒಂದಿದೆ. ವ್ಯಾಸವನ್ನು 3.14ರಿಂದ ಗುಣಿಸಿ, ಸುತ್ತಿನಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಮೀಟರ್ ಅಂತ ಬರುತ್ತದೆ. ಅದೇ ಕಟಿಂಗ್ ಸ್ಪೀಡ್. ಹದಿನಾಲ್ಕು ಇಂಚು ಅಂದರೆ 355 ಮಿ.ಮೀ. 3800 ಸುತ್ತಿಗೆ ಹಲ್ಲಿನ ತುದಿಯ ವೇಗ ನಿಮಿಷಕ್ಕೆ 4,200 ಮೀಟರ್ ಮೇಲೆ. ಗಂಟೆಗೆ ಹೇಳಿದರೆ 254 ಕಿಲೋಮೀಟರ್. ಹಲ್ಲಿನ ಬ್ಲೇಡಿಗೆಂದೇ ಮಾಡಿದ ಮಷೀನು ತಿರುಗುವುದು 1300 ಸುತ್ತಿನ ಆಸುಪಾಸು. ಅಲ್ಲಿ ತುದಿಯ ವೇಗ ಗಂಟೆಗೆ 87 ಕಿಲೋಮೀಟರ್.

ಕಟಿಂಗ್ ವೀಲಿಗೆ ಮಾತ್ರ ಈ 254 ಸರಿಯಾದ ವೇಗ. ನನ್ನ ವೀಲಿನ ಮೇಲೆ ಸೆಕೆಂಡಿಗೆ 80 ಮೀಟರ್, 4300 ಸುತ್ತು ಅಂತ ಇದೆ. ಹರಳು ಇಷ್ಟೇ ಇಷ್ಟು ಕೆರೆಯುತ್ತದೆ, ಅದಕ್ಕೇ ಓಟ ಬೇಕು. ಓಟ ಕಮ್ಮಿಯಾದರೆ ಬೇಗ ಸವೆಯುತ್ತದೆ. ವೀಲು ಸವೆದು ಹತ್ತಿಂಚಿಗೆ ಬಂದಾಗ ಕಟ್ ಯಾಕೆ ನಿಧಾನ ಆಗುತ್ತದೆ ಅಂತ ಕೇಳುತ್ತಾರಲ್ಲ, ಕಾರಣ ಇದೇ. ಸುತ್ತು ಅಷ್ಟೇ ಇದ್ದರೂ ಅಂಚಿನ ಓಟ ಇಳಿದಿರುತ್ತದೆ.

ಹಲ್ಲಿನ ಕಥೆ ಉಲ್ಟಾ. ಒಂದು ಹಲ್ಲು ಬಂದು ಕಚ್ಚಿ ಒಂದು ಚಿಪ್ ತೆಗೆದು ಹೋಗಬೇಕು. ಬ್ಲೇಡನ್ನು ಕೆಳಗಿಳಿಸುವ ವೇಗ ಅಷ್ಟೇ ಇದ್ದು ಸುತ್ತು ಮೂರು ಪಟ್ಟಾದರೆ ಒಂದೊಂದು ಹಲ್ಲಿಗೆ ಸಿಗುವ ತುತ್ತು ಮೂರನೇ ಒಂದು ಪಾಲು. ತುತ್ತು ತೀರಾ ತೆಳ್ಳಗಾದರೆ ಹಲ್ಲು ಕಚ್ಚುವುದಿಲ್ಲ, ಉಜ್ಜುತ್ತದೆ. ಉಜ್ಜಿದರೆ ಬಿಸಿ. ಲೇತಿನಲ್ಲಿ ಟೂಲು ಉಜ್ಜಲು ಶುರು ಮಾಡಿದರೆ ಮೂಗಿಗೇ ಗೊತ್ತಾಗುತ್ತದೆ.

ಇಲ್ಲಿ ನನಗೆ ಯಾವಾಗಲೂ ಕುತೂಹಲ ಹುಟ್ಟಿಸುವ ಒಂದು ವಿಷಯ. ಲೇತಿನಲ್ಲಿ ಮೈಲ್ಡ್ ಸ್ಟೀಲಿಗೆ ಕಾರ್ಬೈಡ್ ಟೂಲನ್ನು ನಾವು ನಿಮಿಷಕ್ಕೆ ನೂರರಿಂದ ಇನ್ನೂರು ಮೀಟರಿನಲ್ಲಿ ಓಡಿಸುತ್ತಿದ್ದೆವು. ಕೋಲ್ಡ್ ಕಟ್ ಮಷೀನಿನಲ್ಲಿ ಅದೇ ಕಾರ್ಬೈಡ್ 1,450 ಮೀಟರಿನಲ್ಲಿ ಬದುಕುತ್ತದೆ. ಹೇಗೆ? ಲೇತಿನ ಟೂಲು ಬಿಡುವಿಲ್ಲದೆ ಉರಿಯಲ್ಲಿರುತ್ತದೆ. ಬ್ಲೇಡಿನ ಹಲ್ಲು ಕಚ್ಚುವುದು ಕಣ್ಣೆವೆ ಮಿಟುಕುವುದಕ್ಕಿಂತ ಕಮ್ಮಿ ಹೊತ್ತು, ಸುತ್ತಿನ ಉಳಿದ ಭಾಗವೆಲ್ಲ ಗಾಳಿಯಲ್ಲಿ ಆರುತ್ತದೆ. ಆ ಲೆಕ್ಕಾಚಾರದ ಮೇಲೆ ನಿಂತಿರುವ ಬ್ಲೇಡನ್ನು ಇನ್ನೂ ಮೂರು ಪಟ್ಟು ಓಡಿಸಿದರೆ ಅದಕ್ಕೆ ಆರಲು ಪುರುಸೊತ್ತೂ ಇಲ್ಲ.

ಇನ್ನೊಂದು, ಹಲ್ಲನ್ನು ಹೊರಕ್ಕೆ ಎಳೆಯುವ ಬಲ. ಅದು ಸುತ್ತಿನ ಲೆಕ್ಕದಲ್ಲಲ್ಲ, ಸುತ್ತಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 1600ರಿಂದ 3800ಕ್ಕೆ ಹೋದರೆ ಬಲ ಐದೂವರೆ ಪಟ್ಟು ಮೇಲೆ. ಹಲ್ಲು ಬ್ಲೇಡಿನ ಜೊತೆ ಎರಕ ಹೊಯ್ದದ್ದಲ್ಲ. ಬೆಸುಗೆ ಹಾಕಿ ಕೂರಿಸಿದ ತುಂಡು. ನನ್ನ ಬ್ಲೇಡಿನಲ್ಲಿ ಒಂದು ಹಲ್ಲಿನ ಜಾಗ ಪೂರ್ತಿ ಖಾಲಿ, ಬೆಸುಗೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಇನ್ನೊಂದರಲ್ಲಿ ಅರ್ಧ ಹಲ್ಲು ಇನ್ನೂ ಅಂಟಿಕೊಂಡಿದೆ, ಮುರಿದ ಮುಖ ಬೂದು ಬಣ್ಣ, ಹರಳು ಹರಳು. ಅರ್ಧ ಉಳಿದಿದ್ದು ಪೆಟ್ಟಿಗೆ ಮುರಿದಿದ್ದು, ಬುಡಸಮೇತ ಹೋಗಿದ್ದು ಬೆಸುಗೆ ಬಿಟ್ಟಿದ್ದು ಅಂತ ನನ್ನ ಅಂದಾಜು.

ಪೆಟ್ಟು ಎಲ್ಲಿಂದ ಬಂತು? ಅದು ನನ್ನ ಎರಡನೇ ತಪ್ಪು. ಆಂಗ್ಲರನ್ನು ಹಾಗೆ ಹಿಡಿಯಬಾರದು. ರೆಕ್ಕೆ ಮಲಗಿದ್ದರೆ ಬ್ಲೇಡ್ ಐದು ಮಿ.ಮೀ. ಕೊಯ್ಯುತ್ತಾ ಬಂದು, ಇದ್ದಕ್ಕಿದ್ದ ಹಾಗೆ 35 ಮಿ.ಮೀ. ಅಗಲದ ಪಟ್ಟಿಗೆ ಬೀಳುತ್ತದೆ. ಆಂಗ್ಲರನ್ನು ಮಗುಚಿ, ಮೂಲೆ ಮೇಲೆ ಮಾಡಿ, ಮನೆ ಸೂರಿನ ಹಾಗೆ ಇಡಬೇಕು. ಆಗ ಮೇಲಿನಿಂದ ಕೆಳಗಿನವರೆಗೂ ಬ್ಲೇಡಿಗೆ ಸಿಗುವುದು ಎರಡು ತೆಳು ರೆಕ್ಕೆ ಮಾತ್ರ. ಕಟಿಂಗ್ ವೀಲಿಗೂ ಇದೇ ಒಳ್ಳೆಯದು. ಆದರೆ ವೀಲು ಈ ತಪ್ಪನ್ನು ಕ್ಷಮಿಸುತ್ತದೆ. ಕಾರ್ಬೈಡ್ ಗಟ್ಟಿ, ಆದರೆ ಗಾಜಿನ ಜಾತಿ. ಅದು ಕ್ಷಮಿಸುವುದಿಲ್ಲ.

ಸರಿಯಾದ ವೇಗದಲ್ಲಿ ಇದ್ದಿದ್ದರೆ ಆಂಗ್ಲರ್ ಹಾಗೆ ಹಿಡಿದಿದ್ದಕ್ಕೆ ಬಹುಶಃ ಒಂದು ಹಲ್ಲಿನ ಮೂಲೆ ಹೋಗುತ್ತಿತ್ತು, ಅಷ್ಟೇ. ಹಲ್ಲು ಬಕೆಟ್ ತೂರುತ್ತಿರಲಿಲ್ಲ.

ಊರಿನ ವೆಲ್ಡಿಂಗ್ ಮೇಸ್ತ್ರಿಗೆ ಬ್ಲೇಡ್ ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. “ಅಲ್ಲಣ್ಣ, ಮದುವೆ ಮನೇಲಿ ಅಳತೆ ಸರಿಹೋಯ್ತು ಅಂತ ಯಾರ್ದೋ ಚಪ್ಪಲಿ ಮೆಟ್ಕೊಂಡು ಬಂದಂಗಾಯ್ತಲ್ಲ!” ಅಂದರು. ಆಮೇಲೆ ಚಹಾ ತರಿಸಿದರು.

ಬೇರೆ ದಾರಿ ಇತ್ತಾ?

ತಮ್ಮ ಸುಮ್ನೆ ಕೂರುವವನಲ್ಲ. “ಡಿಮ್ಮರ್ ಹಾಕಿ ಸ್ಪೀಡ್ ಕಮ್ಮಿ ಮಾಡಿದ್ರೆ ಆಗಲ್ವಾ ಅಣ್ಣ?” ಅಂದ. ಪ್ರಶ್ನೆ ದಡ್ಡತನದ್ದಲ್ಲ. ಈ ಮಷೀನಿನಲ್ಲಿರುವುದು ಕಾರ್ಬನ್ ಬ್ರಷ್ಷಿನ ಮೋಟಾರು, ಡಿಮ್ಮರಿಗೆ ವೇಗ ಇಳಿಯುತ್ತದೆ. ಆದರೆ ಜೊತೆಗೆ ಶಕ್ತಿಯೂ ಇಳಿಯುತ್ತದೆ. ಕಬ್ಬಿಣಕ್ಕೆ ತಾಗಿದ ಕೂಡಲೇ ನಿಂತೇ ಬಿಡುತ್ತದೆ. ಭಾರ ತೆಗೆದರೆ ಮತ್ತೆ ಓಡುತ್ತದೆ. ಮೋಟಾರನ್ನು ತಂಪು ಮಾಡುವ ಫ್ಯಾನು ಅದೇ ಶಾಫ್ಟಿನ ಮೇಲಿರುವುದರಿಂದ ಅದೂ ನಿಧಾನವಾಗಿ, ಮೋಟಾರು ಸುಟ್ಟೂ ಹೋಗುತ್ತದೆ. ನಿಜವಾದ ಕೋಲ್ಡ್ ಕಟ್ ಮಷೀನಿನಲ್ಲಿ ವೇಗ ಇಳಿಸುವುದು ಗೇರು. ಗೇರಿನಲ್ಲಿ ಸುತ್ತು ಮೂರನೇ ಒಂದಕ್ಕೆ ಇಳಿದರೆ ತಿರುಚುವ ಬಲ ಹೆಚ್ಚೂಕಮ್ಮಿ ಮೂರು ಪಟ್ಟು ಏರುತ್ತದೆ. ಎರಡೂ ಒಂದೇ ಸುತ್ತಿನಲ್ಲಿ ತಿರುಗಿದರೂ ಒಂದೇ ಅಲ್ಲ.

ಮರ ಕೊಯ್ಯುವ ಕರೆಂಟಿನ ಕೈ ಗರಗಸಕ್ಕೆ ಕಬ್ಬಿಣ ಕೊಯ್ಯುವ ವೀಲು ಹಾಕೋಣ ಅನ್ನೋದು ಅವನ ಎರಡನೇ ಸಲಹೆ. ವೇಗದ ಲೆಕ್ಕದಲ್ಲಿ ಅದು ನಡೆಯುತ್ತದೆ. ಆದರೆ ಆ ಮಷೀನಿನ ಹೊಟ್ಟೆ ತುಂಬ ಮರದ ಹೊಟ್ಟು, ಹಿಂದೆ ಬಟ್ಟೆ ಚೀಲ. ಕಿಡಿಗೆ ಅದಕ್ಕಿಂತ ಒಳ್ಳೆ ಗೂಡು ಬೇಕಾ? ಬೇಡ ಅಂದೆ.

ಗೇರಿನ ಕೋಲ್ಡ್ ಕಟ್ ಮಷೀನೇ ಕೊಳ್ಳಬಹುದಿತ್ತು. ನನ್ನ ಚಾಪ್ ಸಾ ಬೆಲೆಯ ಹಲವು ಪಟ್ಟು. ದಿನಾ ಗ್ರಿಲ್ಲು, ಗೇಟು ಮಾಡುವವರಿಗೆ ಅದು ಗಿಟ್ಟುತ್ತದೆ. ವರ್ಷಕ್ಕೆ ಒಮ್ಮೆ ಪೈಪು ಮುಟ್ಟುವವನಿಗೆ ಯಾಕೆ? ದುಡ್ಡಿದ್ದು, ಜಾಗವಿದ್ದು, ತೆಂಗಿನ ನಾರಿನ ಮಧ್ಯೆ ಕೆಲಸ ಮಾಡಲೇಬೇಕು ಅಂದರೆ ನಾನು ತರುವುದು ಚಿಕ್ಕ ಬ್ಯಾಂಡ್ ಸಾ. ನಿಮಿಷಕ್ಕೆ ಐವತ್ತು ಅರವತ್ತು ಮೀಟರಿನಲ್ಲಿ ಎಮ್ಮೆ ಮೆಲುಕು ಹಾಕಿದ ಹಾಗೆ ಕೊಯ್ಯುತ್ತದೆ. ಕಿಡಿ ಇಲ್ಲ, ಗಲಾಟೆ ಇಲ್ಲ. ಯಾವ ಹೊತ್ತಿಗೂ ಮೂರು ಹಲ್ಲಾದರೂ ಲೋಹದ ಮೇಲಿರುವಂಥ ಬ್ಲೇಡ್ ಆರಿಸಿಕೊಂಡರೆ ಸಾಕು.

ಕೊನೆಗೆ ನಾವು ಮಾಡಿದ್ದು

ಹಳೇ ಕಟಿಂಗ್ ವೀಲಿಗೇ ವಾಪಸ್ಸು. ಆದರೆ ಮಷೀನು ಶೆಡ್ಡಿನಿಂದ ಹೊರಗೆ, ಕಣದ ನಡುವೆ. ಹೆಜ್ಜೆ ಹಾಕಿ ಅಳೆದೆವು, ಮಟ್ಟೆ ರಾಶಿಗೂ ಮಷೀನಿಗೂ ಮಧ್ಯೆ 45 ಅಡಿ. ಗುಡಿಸಿ ನೀರು ಚಿಮುಕಿಸಿದೆವು. ಮಷೀನಿನ ಹಿಂದೆ ಒಂದು ಹಳೆ ತಗಡನ್ನು ವಾರೆಯಾಗಿ ನಿಲ್ಲಿಸಿ ಕಿಡಿಯೆಲ್ಲ ನೆಲಕ್ಕೆ ಬೀಳುವ ಹಾಗೆ ಮಾಡಿದೆವು. ಒಂದು ಡ್ರಮ್ ನೀರು, ಒದ್ದೆ ಗೋಣಿಚೀಲ. ಕೊಯ್ಯುವುದು ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಮಾತ್ರ. ಏನಾದರೂ ಹೊಗೆಯಾಡಿದರೆ ನಾವು ಎದ್ದು ಓಡಾಡುವ ಹೊತ್ತಿನಲ್ಲೇ ಹೊಗೆಯಾಡಲಿ ಅಂತ. ತಮ್ಮನಿಗೆ ಪ್ಯಾಂಟು, ಬೂಟು, ಕನ್ನಡಕ, ಕಿವಿಗೆ ಮಫ್. ಬೈದುಕೊಂಡೇ ಹಾಕಿದ.

ಕರೆಂಟಿನದ್ದೂ ಒಂದು ವಿಷಯ ಇತ್ತು. 2200 ವ್ಯಾಟ್ ಅಂದರೆ ಒಂಬತ್ತೂವರೆ ಆಂಪಿಯರ್, ಶುರುವಾಗುವಾಗ ಇನ್ನೂ ಜಾಸ್ತಿ. ನಾವು ಮೊದಲ ದಿನ ಬಳಸಿದ್ದು ಟೇಬಲ್ ಫ್ಯಾನಿನ ಎಕ್ಸ್‌ಟೆನ್ಷನ್ನು, ಮುಟ್ಟಿದರೆ ಬೆಚ್ಚಗಿತ್ತು. ಪಂಪಿನ 16 ಆಂಪಿಯರ್ ಪಾಯಿಂಟಿನಿಂದ 2.5 ಸ್ಕ್ವೇರ್ ಎಂಎಂ ವೈರ್ ಎಳೆದ ಮೇಲೆ ಮಷೀನು ಬೇರೆಯದೇ ಅನ್ನುವಷ್ಟು ಚುರುಕಾಯಿತು.

ಇನ್ನು ವೀಲುಗಳು. ಶೆಡ್ಡಿನಲ್ಲಿ ಐದು ಹಳೆಯವಿದ್ದವು. ಈ ಸಲ ಒಂದೊಂದನ್ನೂ ಓದಿದೆ. ಎ 30 ಆರ್ ಬಿಎಫ್ ಅಂತ ಇರುತ್ತದೆ. ಎ ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಕಬ್ಬಿಣಕ್ಕೆ. ಅಲ್ಲಿ ಸಿ ಇದ್ದರೆ ಅದು ಕಲ್ಲಿನದ್ದು. 30 ಹರಳಿನ ಗಾತ್ರ, ಆರ್ ಗಡಸುತನ, ಬಿಎಫ್ ಅಂದರೆ ರಾಳದ ಬಂಧ, ಒಳಗೆ ನಾರಿನ ಬಲೆ. ನಡುವಿನ ಲೋಹದ ರಿಂಗಿನ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ, ಔಷಧಿ ಬಾಟಲಿಯ ಹಾಗೆ. ರಾಳ ತೇವ ಕುಡಿಯುತ್ತದೆ, ಹಳತಾದರೆ ಬಲ ಕಳೆದುಕೊಳ್ಳುತ್ತದೆ. ಸಾಮಾನ್ಯವಾಗಿ ಮೂರು ವರ್ಷದ ಗಡುವು. ಐದರಲ್ಲಿ ಎರಡರ ಗಡುವು ಮುಗಿದಿತ್ತು. ಸುತ್ತಿಗೆಯಲ್ಲಿ ಒಡೆದು ಬಿಸಾಡಿದೆ, ಯಾರೂ ಮತ್ತೆ ಎತ್ತಿಕೊಳ್ಳದ ಹಾಗೆ.

ಕೊಯ್ಯುವುದರಲ್ಲಿ ಹೇಳುವಂಥದ್ದು ಎರಡೇ. ಮಷೀನು ಪೂರ್ತಿ ವೇಗಕ್ಕೆ ಬಂದ ಮೇಲೆ ಮೆಲ್ಲಗೆ ತಾಗಿಸಿ, ಆಮೇಲೆ ಒತ್ತು. ಜೋರಾಗಿ ಒತ್ತಿದರೆ ತೆಳು ವೀಲು ಬಾಗುತ್ತದೆ, ಕಟ್ ಓರೆಯಾಗುತ್ತದೆ. ಮೊದಲ ದಿನದ ಒಂಬತ್ತು ತುಂಡಿಗೆ ಮೂಲೆಮಟ್ಟ ಹಿಡಿದರೆ ನಾಲ್ಕು ಓರೆ ಇದ್ದವು, ಎಲ್ಲ ನನ್ನ ಅವಸರದ ಒತ್ತಿಗೆ. ಎರಡನೆಯದು, ಆರು ಮೀಟರಿನ ಪೈಪಿನ ಆಚೆ ತುದಿಗೆ ಮಷೀನಿನ ಎತ್ತರಕ್ಕೇ ಆಸರೆ ಬೇಕು. ನಾವು ಇಟ್ಟಿಗೆ ಜೋಡಿಸಿ ಮೇಲೆ ಹಲಗೆ ಇಟ್ಟೆವು. ಆಸರೆ ತಗ್ಗಿದ್ದರೆ ಕಟ್ ಮುಗಿಯುತ್ತಾ ಬಂದ ಹಾಗೆ ಪೈಪು ಬಾಗಿ ವೀಲನ್ನು ಕಚ್ಚಿ ಹಿಡಿಯುತ್ತದೆ. ವೀಲು ಒಡೆಯುವುದು ಬಹಳ ಸಲ ಹಾಗೇ.

ಇಷ್ಟೆಲ್ಲ ಎಚ್ಚರ ವಹಿಸಿ ಕೊಯ್ದರೂ ಒಂದು ಪೆದ್ದ ತಪ್ಪು ಆಯಿತು. ಆರು ಮೀಟರಿನ ಪೈಪಿನಲ್ಲಿ ಒಂದೂವರೆ ಮೀಟರಿನ ನಾಲ್ಕು ತುಂಡು ಅಂತ ಗುರುತು ಹಾಕಿದ್ದೆ. ಲೆಕ್ಕ ಸರಿಯಾಗೇ ಇದೆಯಲ್ಲ! ಆದರೆ ವೀಲಿನ ದಪ್ಪ 2.8 ಮಿ.ಮೀ. ಮೂರು ಕಟ್ಟಿಗೆ ಎಂಟು ಮಿ.ಮೀ. ಮೇಲೆ ಕಬ್ಬಿಣ ಪುಡಿಯಾಗಿ ಹೋಗುತ್ತದೆ. ನಾಲ್ಕನೇ ತುಂಡು ಅಷ್ಟು ಗಿಡ್ಡ ಬಂತು. ಒಂದು ಕಂಬದ ಕೆಳಗೆ ಈಗಲೂ ಎಂಟು ಮಿ.ಮೀ. ಪ್ಲೇಟಿನ ತುಂಡು ಇದೆ. ಬಣ್ಣ ಬಳಿದಿದ್ದೇವೆ, ಗೊತ್ತಿಲ್ಲದವರಿಗೆ ಬೇಕೆಂದೇ ಇಟ್ಟ ಹಾಗೆ ಕಾಣುತ್ತದೆ.

ಉಳಿದ 65 ಕಟ್ಟಿನಲ್ಲಿ 63 ಎರಡು ಬೆಳಿಗ್ಗೆಯಲ್ಲಿ ಮುಗಿದವು. ಮೂರು ವೀಲು ಸವೆದವು. ಎರಡನೇ ದಿನ ಹನ್ನೊಂದು ದಾಟಿದ ಮೇಲೆ ಎರಡು ಅಡ್ಡಪಟ್ಟಿ ಬಾಕಿ ಉಳಿದಿತ್ತು. ಸಂಜೆ ಮುಗಿಸಿಬಿಡೋಣ ಅಂತ ತಮ್ಮ ಮಷೀನಿನ ಸುತ್ತಿಟ್ಟ ವೈರು ಬಿಚ್ಚಲು ಹೋದ. ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಏನೂ ಹೇಳಲಿಲ್ಲ, ಮಟ್ಟೆ ರಾಶಿಯ ಕಡೆ ಮುಖ ಮಾಡಿ ಮೂಗೆಳೆದಳು ಅಷ್ಟೇ. ವೈರು ಅಲ್ಲೇ ಬಿಟ್ಟ. ಹ್ಯಾಕ್ಸಾಗೆ ಇಂಚಿಗೆ 24 ಹಲ್ಲಿನ ಹೊಸ ಬ್ಲೇಡ್ ಹಾಕಿ, ಆ ಎರಡನ್ನೂ ಜಗಲಿ ಮೇಲೆ ಕೂತು ಕೈಯಲ್ಲೇ ಕೊಯ್ದೆವು, ಒಬ್ಬೊಬ್ಬರು ಒಂದೊಂದು.